ಬರ್ಥಡೇಕ್ಕ ಹಾಲ್ ಬ್ಯಾಡ, ಪಡಸಾಲಿ ಸಾಕು

ಮೊನ್ನೆ ಆಯಿತವಾರ ಊಟ ಮಾಡಿ, ಮುಸುರಿ ತೆಗದಿಟ್ಟು, ಇನ್ನೇನು ಒಂದ ಸ್ವಲ್ಪ ಅಡ್ಡ ಆಗಬೇಕು ಅನ್ನೋದ್ರಾಗ ನಮ್ಮ ಕಾಕಾನ ಮಗಳ ಫೋನ್ ಬಂತು. ಆಕಿ ಮಗಗ ಮುಂದಿನ ತಿಂಗಳ ಐದು ವರ್ಷ ತುಂಬತಾವ. "ಅಕ್ಕಾ, ನೀ ನಿನ್ನ ಮಗಳ ಬರ್ಥಡೇ ಹಾಲಿನ್ಯಾಗ ಭಾಳ ಛಂದ ಮಾಡಿದ್ದಿ ನೋಡು, ಆ ಹಾಲಿನವರ ನಂಬರ ಕೊಡು. ನಾನೂ ಅಲ್ಲೇ ಮಾಡಬೇಕಂತ ಮಾಡೀನಿ" ಅಂದ್ಲು.

ನಾ ಕೊಡಂಗಿಲ್ಲ ಅಂತ ಖಡಾಖಡಿ ಹೇಳಿದೆ. ಆಕಿಗೆ ಸಿಟ್ಟು ಬಂತು. ಬರೂದೇ ಮತ್ತ. ತಾ ಮಾಡಿ ಮೆರದು, ಈಗ ತಂಗಿ ಮಾಡ್ತೇನಂದ್ರ ಶಾಣ್ಯಾತನ ಹೇಳ್ಲಿಕ್ಕೆ ಬಂದ್ಲು ಅಂತ ಅನಕೊಂಡಿರಬೇಕು. ಫೋನಿನ್ಯಾಗ ಇನ್ನೂ ಮಾತಾಡಿದ್ರ ಜಗಳ ಆಗ್ತಿತ್ತು. ಅದಕ್ಕ ಕೂತು ಬರೀಲಿಕ್ಕತ್ತೇನಿ. ಆಕೀನೂ ಓದ್ಲಿ, ನೀವೂ ಓದ್ರಿ. ಆಮ್ಯಾಲ ಎಲ್ಲಾರೂ ಕೂಡೇ ನನ್ನ ಜೋಡಿ ಜಗಳ ಮಾಡ್ರಿ ಬೇಕಾದ್ರ.

ಮೊದಲ ನನ್ನ ತಪ್ಪು ಒಪ್ಪಿಕೋತೇನಿ. ಮಗಳ ಆರನೇ ಹುಟ್ಟುಹಬ್ಬ ನಾನೇ ಹಠ ಹಿಡದು ಹಾಲಿನ್ಯಾಗ ಮಾಡಿಸಿದೆ. ಬಂದ ಮಕ್ಕಳು 22. ಬಂದ ದೊಡ್ಡವರು 60ರ ಮ್ಯಾಲ. ಈ ಲೆಕ್ಕ ನೋಡಿದ್ರನ ಗೊತ್ತಾಗ್ತದ ಅದು ಯಾರ ಹಬ್ಬ ಇತ್ತು ಅಂತ. ಮೂರು ತಾಸಿನ ಪ್ಯಾಕೇಜು. ಬಾಗಲಿಗೆ ಫುಗ್ಗಾದ ಕಮಾನು, ಮೈಕ್ ಹಿಡದು ಕೂಗೋ ಒಬ್ಬ ಹುಡುಗ, ಎದಿ ನಡಗೋ ಅಷ್ಟು ದೊಡ್ಡ ಸ್ಪೀಕರು, ಎರಡು ಅಂತಸ್ತಿನ ಕೇಕು. ನನ್ನ ಒಂದು ತಿಂಗಳ ಪಗಾರ ಪೂರಾ ಹೋತು. ನಮ್ಮ ಮನಿಯವರ ಕಿಸೆದಾಗಿಂದೂ ಹೆಚ್ಚೂಕಡಿಮಿ ಅಷ್ಟೇ ಹೋತು.

ಕೇಕ್ ಕತ್ತರಿಸೂ ಮುಂದ ನನ್ನ ಮಗಳು ಕೆಳಗಿನ ಅಂತಸ್ತಿಗೆ ಚಾಕು ಹಚ್ಚಿದ್ಲು. ಫೋಟೋದಂವ "ಅಲ್ಲಲ್ಲಾ ಪುಟ್ಟಿ, ಮ್ಯಾಲಿಂದು, ಮ್ಯಾಲಿಂದು" ಅಂದ. ಯಾಕಂದ್ರ ಕೆಳಗಿಂದು ಥರ್ಮೊಕೋಲ್. ಮ್ಯಾಲ ಕ್ರೀಮ್ ಬಳದು ಇಟ್ಟಿದ್ರು, ಫೋಟೋದಾಗ ದೊಡ್ಡದು ಕಾಣಲಿ ಅಂತ. ಕೂಸು ನನ್ನ ಮುಖಾ ನೋಡ್ತು. ಆ ಮುಖಾ ನಾ ಇನ್ನೂ ಮರತಿಲ್ಲ. ಅದರ ಫೋಟೋ ಮಾತ್ರ ಯಾರೂ ತಗೀಲಿಲ್ಲ.

ಝರಿ ಫ್ರಾಕು ಕುತಗಿಗೆ ಚುಚ್ಚಿ ಚುಚ್ಚಿ ಕೆಂಪಗಾಗಿತ್ತು. ಒಂಬತ್ತೂವರೀಕ್ಕ ಆಟೋದಾಗ ಬೂಟು ಸುದ್ದಾ ಬಿಚ್ಚದನ ಮಲಕೊಂಡಬಿಟ್ಟಳು. ಮರುದಿನ ಮುಂಜಾನೆ ಎದ್ದಾಕೀನ ಕೇಳಿದ್ದು ಒಂದೇ ಮಾತು: "ಅವ್ವಾ, ಇವತ್ತ ಓಣ್ಯಾಗ ಆಡ್ಲಿಕ್ಕೆ ಹೋಗ್ಲಿ? ನಿನ್ನೆ ಆಡ್ಲಿಕ್ಕೇ ಆಗ್ಲಿಲ್ಲ."

ಇಷ್ಟೇ ಆಗಿದ್ರ ನಾ ರೊಕ್ಕಾ ಹೋತು, ಬುದ್ಧಿ ಬಂತು ಅಂತ ಸುಮ್ಮನಿರ್ತಿದ್ದೆ. ಖರೇ ಸಂಕಟ ಬ್ಯಾರೇ ಅದ.

ನಮ್ಮ ಮನಿಯಿಂದ ಮೂರನೇ ಮನಿಯಾಗ ಒಬ್ಬಾಕಿ ಹೊಲಿಗಿ ಮಷೀನ್ ಇಟಕೊಂಡು ಸಂಸಾರ ನಡಸ್ತಾಳ. ಆಕಿ ಮಗಳೂ ನನ್ನ ಮಗಳೂ ದಿನಾ ಕೂಡೇ ಆಡೋರು, ಒಂದೇ ಡಬ್ಬಿಯಾಗ ಅವಲಕ್ಕಿ ತಿನ್ನೋರು. ಹಾಲಿಗೆ ಆ ಹುಡುಗಿ ಬರಲಿಲ್ಲ. ಜ್ವರ ಬಂದದ ಅಂತ ಹೇಳಿ ಕಳಿಸಿದ್ರು. ಮರುದಿನ ನೋಡಿದ್ರ ಓಣ್ಯಾಗ ಕುಂಟಲಿಪಿ ಆಡ್ಲಿಕ್ಕತ್ತಾಳ, ಕುಣದು ಕುಣದು. ನಾ ಏನೂ ಕೇಳ್ಲಿಲ್ಲ. ಎಷ್ಟೋ ದಿನಾ ಆದ ಮ್ಯಾಲ ಬ್ಲೌಸ್ ಹೊಲಿಸ್ಲಿಕ್ಕೆ ಹೋದಾಗ ಆಕಿ ತಾನೇ ಅಂದ್ಲು: "ಬರೂದಕ್ಕ ಏನಿತ್ರಿ ಅಕ್ಕಾರ, ಬಂದ್ರ ಕೈಯಾಗ ಏನರ ಹಿಡಕೊಂಡು ಬರಬೇಕಲ್ಲಾ. ಹಾಲ್ ಅಂದ್ರ ಸಣ್ಣ ಪೆನ್ನಿನ ಡಬ್ಬಿ ನಡಿಯಂಗಿಲ್ಲ. ನೀವು ತಿರುಗಿ ಏನೋ ದೊಡ್ಡ ಗಿಫ್ಟ್ ಕೊಡ್ತೀರಿ. ನಾಳೆ ನನ್ನ ಮಗಳ ಹುಟ್ಟುಹಬ್ಬಕ್ಕ ನಿಮ್ಮನ್ನ ನಾ ಎಲ್ಲೆ ಕರೀಲಿ, ಏನ್ ಕೊಡ್ಲಿ? ಅದಕ್ಕ ಜ್ವರ ಅಂತ ಹೇಳಿದೆ. ತಪ್ಪು ತಿಳಕೋಬ್ಯಾಡ್ರಿ."

ತಪ್ಪು ತಿಳಕೋಬ್ಯಾಡ್ರಿ ಅಂತ ಆಕಿ ನನಗ ಹೇಳ್ತಾಳ! ನನಗ ಅಲ್ಲೇ ಭೂಮಿಗಿಳದಂಗಾತು.

ನೋಡ್ರಿ, ಮದುವಿ ಮುಂಜಿವಿಯೊಳಗ ಮುಯ್ಯಿ ಇತ್ತು. ಯಾರು ಎಷ್ಟು ಹಾಕಿದ್ರು ಅಂತ ವಹಿಯಾಗ ಬರದಿಟ್ಟು, ತಿರುಗಿ ಅಷ್ಟೇ ಹಾಕೋ ಪದ್ಧತಿ. ಅದು ದೊಡ್ಡವರ ವ್ಯವಹಾರ, ಇರ್ಲಿ. ಈಗ ನಾವು ಆರು ವರ್ಷದ ಕೂಸುಗಳಿಗೂ ಮುಯ್ಯಿ ಹಚ್ಚೀವಿ. ಅವರು ಏನ್ ತಂದ್ರು, ನಾವು ಏನ್ ಕೊಟ್ವಿ, ಹೋದ ಸಲ ಅವರ ರಿಟರ್ನ್ ಗಿಫ್ಟ್ ಎಷ್ಟರದ್ದಿತ್ತು ಅಂತ ಲೆಕ್ಕಾ ಹಾಕಲಾರದ ತಾಯಿ ನಮ್ಮ ನಡುವ ಯಾರಿದ್ದೀರಿ, ಕೈ ಎತ್ರಿ ನೋಡೂಣು. ನಾನೂ ಎತ್ತಂಗಿಲ್ಲ. ಈ ಲೆಕ್ಕದಾಗ ಯಾರಿಗೆ ನಿಭಾಯಿಸ್ಲಿಕ್ಕೆ ಆಗಂಗಿಲ್ಲೋ ಅವರ ಮಕ್ಕಳಿಗೆ ಜ್ವರ ಬರ್ತಾವ. ಬಂದಿಲ್ಲದ ಜ್ವರ. ಅದನ್ನ ಕೊಟ್ಟಾವರು ನಾವು.

ಇದಕ್ಕ ನೀವು ಏನೇನು ಹೇಳ್ತೀರಿ ನನಗ ಗೊತ್ತದ. ಎಲ್ಲಾ ನಾನೂ ಹೇಳೀನಿ.

ಒಂದನೇದು: "ಮಕ್ಕಳೇ ಕೇಳ್ತಾವ್ರಿ." ಐದು ವರ್ಷದ ಕೂಸಿಗೆ ಹಾಲ್ ಅಂದ್ರ ಏನ್ ಗೊತ್ತು? ಅದು ಕೇಳೋದು ಕೇಕು, ಫುಗ್ಗಾ, ಗೆಳ್ಯಾರು. ಈ ಮೂರೂ ಪಡಸಾಲಿಯಾಗ ಹಿಡಿತಾವ. ಹಾಲು, ಥೀಮು, ಡ್ರೋನು ಇವೆಲ್ಲಾ ಕೇಳೋದು ನಾವು, ಕೂಸಿನ ಬಾಯಿಲೆ.

ಎರಡನೇದು: "ಮಂದಿ ಏನಂತಾರ?" ಮಂದಿ ಹಾಲಿಗೆ ಬಂದೂ ಅಂತಾರ. ಪನೀರ್ ಗಟ್ಟಿ ಇತ್ತು, ಐಸ್ಕ್ರೀಮ್ ಕರಗಿತ್ತು, ಎಸಿ ಇರಲಿಲ್ಲ ಅಂತಾರ. ರೊಕ್ಕಾ ಕೊಟ್ಟು ಅನಿಸಿಕೊಳ್ಳೋದಕ್ಕಿಂತ ಪುಕ್ಕಟ ಅನಿಸಿಕೊಳ್ಳೋದು ಪಾಡಲ್ಲೇನು?

ಮೂರನೇದು: "ಮೊದಲಿಂದ ಹಿಂಗ ನಡದು ಬಂದದ." ಯಾವ ಮೊದಲಿಂದ? ನಾವು ಸಣ್ಣವರಿದ್ದಾಗ ಮುಂಜಾನೆ ಎಣ್ಣಿ ಹಚ್ಚಿ ಎರಕೊಂಡು, ದೇವರಿಗೆ ನಮಸ್ಕಾರ ಮಾಡಿ, ಆರತಿ ಮಾಡಿಸ್ಕೊಂಡು, ಗೋಧಿ ಹುಗ್ಗಿ ಉಂಡು, ಬಣ್ಣದ ಅಂಗಿ ಹಾಕ್ಕೊಂಡು ಸಾಲಿಗೆ ಹೋಗಿ ಎಲ್ಲಾರಿಗೂ ಒಂದೊಂದು ಪೆಪ್ಪರಮಿಂಟ್ ಹಂಚಿದ್ರ ಮುಗೀತು. ಅವತ್ತೊಂದು ದಿನಾ ಯುನಿಫಾರ್ಮ್ ಹಾಕಬೇಕಾಗಿಲ್ಲ ಅನ್ನೋದೇ ರಾಜಯೋಗ. ಇನ್ನ ಕೇಕಿನ ಮುಂದ ಹಾಡೋ ಹಾಡಿನ ಕತಿ ಕೇಳ್ರಿ. ಅಮೆರಿಕಾದ ಕೆಂಟಕಿ ರಾಜ್ಯದ ಲೂಯಿವಿಲ್ ಊರಾಗ ಮಿಲ್ಡ್ರೆಡ್ ಹಿಲ್, ಪ್ಯಾಟಿ ಹಿಲ್ ಅಂತ ಅಕ್ಕ ತಂಗಿ ಇದ್ರು. ಪ್ಯಾಟಿ ಶಿಶುವಿಹಾರದ ಟೀಚರು. 1893ರಾಗ ಅವರು ತಂದ ಮಕ್ಕಳ ಹಾಡಿನ ಪುಸ್ತಕದಾಗ, ಮುಂಜಾನೆ ಕ್ಲಾಸಿಗೆ ಬಂದ ಕೂಸುಗಳಿಗೆ ಶುಭ ಕೋರೋ ಒಂದು ಹಾಡಿತ್ತು. ಅದೇ ಧಾಟಿಗೆ ಮುಂದ ಹುಟ್ಟುಹಬ್ಬದ ಮಾತು ಕೂಡಿಕೊಂಡ್ವು. ಅಂದ್ರ ಆ ಹಾಡು ಸುದ್ದಾ ಒಂದು ಖೋಲಿಯೊಳಗ, ಒಬ್ಬ ಟೀಚರು, ಕೈಯಾಗಿನ ಮಕ್ಕಳ ಸಲುವಾಗಿ ಹುಟ್ಟಿದ್ದು. ಅದಕ್ಕ ಮೈಕು ಹಚ್ಚಿದಾವರು ನಾವು.

ನಾಕನೇದು ಗಟ್ಟಿ ಮಾತು: "ಮನ್ಯಾಗ ಮಾಡಿದ್ರ ದುಡಿಯೋರು ಯಾರು? ನಾನೇ ಅಲ್ಲಾ? ಹಾಲಿನ್ಯಾಗ ನಾನೂ ಒಂದ ಸೀರಿ ಉಟಗೊಂಡು ನಿಂದರ್ತೇನಿ." ಇದಕ್ಕ ನಾ ತಲಿಬಾಗ್ತೇನಿ, ಇದು ಖರೆ. ನಮ್ಮ ಅತ್ತಿ ಕಾಲದಾಗ ಮನ್ಯಾಗಿನ ಹಬ್ಬ ಅಂದ್ರ ಹೆಂಗಸರು ಒಲಿ ಮುಂದ, ಗಂಡಸರು ಎಲಿ ಮುಂದ. ಆ ಪದ್ಧತಿ ತಿರುಗಿ ಬರ್ಲಿ ಅಂತ ನಾ ಹೇಳ್ಲಿಕ್ಕತ್ತಿಲ್ಲ. ಆದ್ರ ತಂಗೀ, ಕೆಲಸ ಹೆಚ್ಚಾತು ಅಂದ್ರ ಕೆಲಸ ಕಡಿಮಿ ಮಾಡಬೇಕು, ರೊಕ್ಕಾ ಸುರದು ಇನ್ನೊಬ್ಬರ ಕಡಿಂದ ಅಷ್ಟೇ ಕೆಲಸ ಮಾಡಿಸೋದಲ್ಲ. ಮತ್ತ ಹಾಲಿನ್ಯಾಗ ನಿನಗ ಆರಾಮ ಇತ್ತು ಅಂತ ಯಾರು ಹೇಳಿದ್ರು? ತಿಂಗಳಗಟ್ಟಲೆ ಫೋನು, ಮುಂಗಡ, ಬಂದವರಿಗೆ "ಊಟ ಮಾಡಿದ್ರೇನು" ಅಂತ ಕೇಳಿ ಕೇಳಿ ನನ್ನ ಗಂಟಲಾ ಬಿದ್ದಿತ್ತು. ನಾ ಉಂಡಿದ್ದು ರಾತ್ರಿ ಹನ್ನೊಂದಕ್ಕ, ಮನಿಗೆ ಬಂದು, ಮೊಸರನ್ನ.

ಐದನೇದು: "ನಮ್ಮ ಮನಿ ಸಣ್ಣದು." ಮನಿ ಸಣ್ಣದಿದ್ರ ಯಾದಿ ಸಣ್ಣದು ಮಾಡ್ರಿ. ಗ್ವಾಡಿ ಸರಿಸಬೇಕಾಗಿಲ್ಲ.

ಇನ್ನ ನಾವು ಏಳನೇ ಹುಟ್ಟುಹಬ್ಬ ಹೆಂಗ ಮಾಡಿದ್ವಿ ಹೇಳ್ತೇನಿ. ಉಪದೇಶ ಭಾಳ ಆತು, ಲೆಕ್ಕಾ ಬರಕೋರಿ.

ಕರದದ್ದು 10 ಮಕ್ಕಳನ್ನ. ಯಾರನ್ನ ಕರೀಬೇಕು ಅಂತ ಮಗಳೇ ಬೆರಳು ಮಡಚಿ ಹೇಳಿದ್ಲು. ಮೊದಲನೇ ಬೆರಳಿಗೇ ಹೊಲಿಗಿ ಮನಿ ಹುಡುಗಿ ಬಂದ್ಲು. ನನ್ನ ಆಫೀಸಿನವರ ಮಕ್ಕಳು, ಮನಿಯವರ ಸಾಹೇಬರ ಮಕ್ಕಳು ಯಾದಿಯಾಗ ಇಲ್ಲ. ಅಜ್ಜ ಅಜ್ಜಿ, ಕಾಕಾ ಕಾಕು ಎಲ್ಲಾರಿಗೂ ಮುಂಜಾನೆನ ಆರತಿ, ಹುಗ್ಗಿ ಊಟ ಆತು. ಅದು ಮನಿ ಮಂದಿ ಹಬ್ಬ. ಸಂಜೀದು ಮಕ್ಕಳ ಹಬ್ಬ. ಎರಡೂ ಕಲಸಬಾರದು. ಅರ್ಧಾ ತ್ರಾಸ ಅಲ್ಲೇ ಕಡಿಮಿ ಆಗ್ತದ.

ವ್ಯಾಳ್ಯಾ 4ರಿಂದ 6. ಕರಿಯೋ ಮುಂದನ "6ಕ್ಕ ಬಂದು ಕರಕೊಂಡು ಹೋಗ್ರಿ" ಅಂತ ಹೇಳಿಬಿಡಬೇಕು. ನಾಚಗಿ ಪಟಗೋಬಾರದು. ಸಣ್ಣ ಮಕ್ಕಳಿಗೆ ಎರಡು ತಾಸು ಅಂದ್ರ ಹೊಟ್ಟಿ ತುಂಬ ಆತು. ಮೂರನೇ ತಾಸಿನ್ಯಾಗ ಅಳೂದು, ಬಡದಾಡೂದು ಎರಡೇ ಉಳಿತದ.

ಕರಿಯೋ ಮುಂದ ಇನ್ನೊಂದು ಮಾತು ಹೇಳಿದೆ, ಎಲ್ಲಾ ತಾಯಂದಿರಿಗೂ ಒಂದೇ ನಮೂನಿ: "ಕೈ ಬೀಸಿಕೊಂಡು ಬರಬೇಕು. ಯಾರೂ ಏನೂ ತರಬಾರದು, ನಾವೂ ತಿರುಗಿ ಏನೂ ಕೊಡಂಗಿಲ್ಲ." ಹೊಲಿಗಿ ಮನಿಯಾಕಿಗೆ ಒಬ್ಬಾಕಿಗೇ ಹೇಳಿದ್ರ ಆಕಿಗೆ ಅವಮಾನ ಆಗ್ತಿತ್ತು. ಎಲ್ಲಾರಿಗೂ ಹೇಳಿದ್ರ ಅದು ಮನಿ ಪದ್ಧತಿ ಆಗ್ತದ. ಈ ಮಾತು ಗಂಟು ಕಟ್ಟಿ ಇಟಕೋರಿ. ಒಬ್ಬಾಕಿ ಫೋನ್ ಮಾಡಿ "ಖರೇನ ಏನೂ ಬ್ಯಾಡೇನ್ರಿ?" ಅಂತ ಮೂರು ಸಲ ಕೇಳಿದ್ಲು. ಆಕಿ ದನಿಯೊಳಗ ನಿರಾಳ ಆಗಿದ್ದು ನನಗ ಕೇಳಿಸ್ತು. ಆಕಿದೂ ಅದೇ ಲೆಕ್ಕಾ ಇತ್ತು, ಹೇಳಿರಲಿಲ್ಲ ಅಷ್ಟೇ.

ತಿನ್ಲಿಕ್ಕೆ ಮೂರೇ ಸಾಮಾನು. ಒಂದು ಕಿಲೋ ಕೇಕು, ಬೇಕರಿದೇ, ಒಂದೇ ಅಂತಸ್ತು, ಬುಡದ ತನಕಾ ತಿನ್ಲಿಕ್ಕೆ ಬರೂವಂಥಾದ್ದು. ಎರಡನೇದು ಚುರುಮುರಿ. ಅರ್ಧ ಕಿಲೋ ಚುರುಮುರಿ 12 ಮಕ್ಕಳಿಗೆ ಉಂಡು ಉಳಿತದ. ಉಳ್ಳಾಗಡ್ಡಿ, ಟೊಮ್ಯಾಟೊ, ಗಜ್ಜರಿ, ಸೌತಿಕಾಯಿ, ಕೊತಂಬ್ರಿ, ಪುಠಾಣಿ ಪುಡಿ, ಹುಣಸಿಹಣ್ಣು ಬೆಲ್ಲದ ನೀರು, ಸೇವು ಇವನ್ನೆಲ್ಲಾ ಬಟ್ಟಲದಾಗ ಸಾಲಾಗಿ ಇಟ್ಟೆ. ತಮ್ಮ ತಮ್ಮ ಗಂಗಾಳದಾಗ ತಾವೇ ಕಲಸಿಕೊಂಡ್ರು. ಕಲಸೂದೇ ಒಂದು ಆಟ ಆತು, ಅರ್ಧ ತಾಸು ಅದರಾಗೇ ಹೋತು. ಮೂರನೇದು ಲಿಂಬಿ ಪಾನಕ. 10 ಲಿಂಬಿಹಣ್ಣು, ಸಕ್ರಿ, ಚಿಟಗಿ ಉಪ್ಪು, ಯಾಲಕ್ಕಿ, ನಾಕು ಲೀಟರ್ ನೀರು. ಕರಿಯೋದು ಏನೂ ಇಲ್ಲ, ಒಲಿ ಹಚ್ಚೂದೇ ಇಲ್ಲ. ಒಂದು ಎಚ್ಚರಕಿ: ಐದರ ಒಳಗಿನ ಕೂಸುಗಳಿದ್ರ ಇಡೀ ಶೇಂಗಾ ಇಡಬ್ಯಾಡ್ರಿ, ಗಂಟಲಾಗ ಸಿಗಬೀಳ್ತಾವ. ಕುಟ್ಟಿ ಪುಡಿ ಮಾಡಿ ಹಾಕ್ರಿ.

ಗಂಗಾಳ, ಲೋಟ ಮನೀವೇ. ಸಾಲದ್ದು ಬಾಜೂ ಮನಿಯಿಂದ ತಂದ್ವಿ. ಪ್ಲಾಸ್ಟಿಕ್ ತಾಟು, ಲೋಟ, ಚಮಚಾ, ಸ್ಟ್ರಾ, ಫುಗ್ಗಾಕ್ಕ ಸಿಗಸೋ ಪ್ಲಾಸ್ಟಿಕ್ ಕಡ್ಡಿ, ಶೃಂಗಾರದ ಥರ್ಮೊಕೋಲ್ ಇವು 2022ರ ಜುಲೈ 1ರಿಂದ ದೇಶದಾಗೇ ಬಂದ್ ಅವ. ನಮ್ಮ ಕರ್ನಾಟಕದಾಗ ಪ್ಲಾಸ್ಟಿಕ್ ತಾಟು ಲೋಟ ಚಮಚಾ 2016ರಾಗೇ ಬಂದ್ ಆಗಿದ್ವು. ಆದ್ರೂ ಹಾಲಿನ ಹಿಂದ ಹೋಗಿ ಕಸದ ಗುಡ್ಡಿ ನೋಡ್ರಿ ಒಂದ ಸಲ. ಮಕ್ಕಳಿಗೆ ಸಾಲ್ಯಾಗ ಪರಿಸರದ ಮ್ಯಾಲ ನಿಬಂಧ ಬರಸ್ತೇವಿ, ಸಂಜಿಗೆ ಅವರ ಹೆಸರಿಲೇ ಒಂದು ಚೀಲ ಕಸಾ ಮಾಡ್ತೇವಿ.

ಫುಗ್ಗಾ ಇದ್ವು, 15. ಫುಗ್ಗಾ ಇಲ್ಲದ ಹುಟ್ಟುಹಬ್ಬ ನನಗೂ ಸೇರಂಗಿಲ್ಲ. ಊದಿದಾವರು ನಮ್ಮ ಮನಿಯವರು, ಬಾಯಿಲೇ. ಗ್ಯಾಸ್ ತುಂಬಿದ್ದು ಬ್ಯಾಡ. ಕೆಲವರು ಹೈಡ್ರೋಜನ್ ತುಂಬಿರ್ತಾರ, ಅದು ದೀಪದ ಹತ್ರ ಬಂದ್ರ ಭಗ್ ಅಂತದ. ಒಡದ ಫುಗ್ಗಾದ ಚೂರು ಮಾತ್ರ ಆಗಿಂದಾಗ ಆರಿಸಿ ಒಗೀಬೇಕು, ಸಣ್ಣವು ಬಾಯಾಗ ಇಟಗೊಂಡು ಜಗ್ಗಿ ಎಳೀತಾವ, ಉಸರಿಗೆ ಅಡ್ಡ ಕೂತ್ರ ಜೀವಕ್ಕ ಬರ್ತದ. ಇನ್ನ ಆ ನೊರಿ ಹಾರಿಸೋ ಸ್ನೋ ಸ್ಪ್ರೇ ಡಬ್ಬಿ ಅಂತೂ ಬಾಗಲದಾಗ ಸುದ್ದಾ ತರಸಬ್ಯಾಡ್ರಿ. ಅದರಾಗ ನೊರಿ ದೂಡ್ಲಿಕ್ಕೆ ಹತ್ತಿ ಉರಿಯೋ ಗ್ಯಾಸ್ ಇರ್ತದ. ಮ್ಯಾಣಬತ್ತಿ ಮುಂದ ಕೂಸಿನ್ನ ನಿಲ್ಲಿಸಿ, ನಾಕೂ ಕಡಿಂದ ಹತ್ತಿ ಉರಿಯೋದನ್ನ ಹಾರಿಸಿ ನಗೋದು, ಇದಕ್ಕ ಹಬ್ಬ ಅಂತೀರೇನು?

ಆಟ. ಪಡಸಾಲಿಯಾಗಿನ ಸೋಫಾ ಗ್ವಾಡಿಗೆ ಸರಿಸಿ, ಜಮಖಾನಿ ಹಾಸಿದ್ವಿ. ಅಂಗಳದಾಗ ಲಿಂಬಿಹಣ್ಣು ಚಮಚಾ, ಲಗೋರಿ. ಒಳಗ ಟೋಪಿ ಬೇಕಾ ಟೋಪಿ, ಕಣ್ಣಿಗೆ ಅರಬಿ ಕಟ್ಟಿ ಗ್ವಾಡಿ ಮ್ಯಾಲಿನ ಗಣಪ್ಪಗ ಸೊಂಡಿ ಹಚ್ಚೂದು. ಮೊಬೈಲಿನ್ಯಾಗ ಹಾಡು ಹಚ್ಚಿ ಕುರ್ಚಿ ಆಟ ಆಡಿಸೂಣು ಅಂದ್ರ ಚಾರ್ಜ್ ಮುಗದಿತ್ತು. ನಾ ಗಾಬರಿ ಆದೆ. ನಮ್ಮ ಅತ್ತಿಯವರು ದೇವರ ಖೋಲಿಯಿಂದ ಗಂಟಿ ತಂದು ಬಾರಿಸ್ಲಿಕ್ಕತ್ರು. ಗಂಟಿ ನಿಂತ ಕೂಡ್ಲೆ ಕೂಡಬೇಕು. ಮಕ್ಕಳು ಬಿದ್ದು ಬಿದ್ದು ನಕ್ರು. ಮೊಣಕಾಲು ಬ್ಯಾನಿ ಅಂತ ದಿನಾ ನರಳೋ ಅತ್ತಿಯವರು ಅರ್ಧ ತಾಸು ನಿಂತೇ ಇದ್ರು. ಗೆದ್ದವರಿಗೆ ಬಹುಮಾನ ಇಲ್ಲ, ಚಪ್ಪಾಳಿ ಅಷ್ಟೇ. ಬಹುಮಾನ ಇಟ್ರ ಸೋತವು ಅಳ್ತಾವ, ಅವನ್ನ ಸಮಾಧಾನ ಮಾಡ್ಲಿಕ್ಕೆ ಮತ್ತೊಂದು ಬಹುಮಾನ ಬೇಕಾಗ್ತದ.

ಗಂಡಸರ ಕೆಲಸಾನೂ ಹೇಳಿಬಿಡ್ತೇನಿ, ಯಾಕಂದ್ರ ನಾವು ಹೇಳಲಾರದಕ್ಕೇ ಅವರು ಮಾಡಂಗಿಲ್ಲ. ಫುಗ್ಗಾ ಊದೂದು, ಅಂಗಳದ ಆಟ ಆಡಸೂದು, 6ಕ್ಕ ಒಂದೊಂದು ಕೂಸಿನ್ನ ಎಣಿಸಿ ಅವರವರ ಮನಿಯವರ ಕೈಯಾಗ ಒಪ್ಪಸೂದು, ಆಮ್ಯಾಲ ಕಸಾ ಹೊಡಿಯೂದು. ಇಷ್ಟೂ ನಮ್ಮ ಮನಿಯವರೇ ಮಾಡಿದ್ರು. ಹಿಂದಿನ ದಿನಾ ಚೀಟಿ ಬರದು ಫ್ರಿಜ್ಜಿಗೆ ಅಂಟಿಸಿದ್ದೆ. ಬಾಯಿಲೆ ಹೇಳಿದ್ರ "ನೀ ಹೇಳೇ ಇಲ್ಲ" ಅಂತಾರ, ಬರದದ್ದಕ್ಕ ಏನೂ ಅನ್ನಲಿಕ್ಕೆ ಬರಂಗಿಲ್ಲ.

ಖರ್ಚು ಎಷ್ಟಾತು ಅಂತೀರಿ? ಹಾಲಿನವರಿಗೆ ಕೊಟ್ಟ ಮುಂಗಡದ ಮುಂದ ಇದು ಏನೂ ಅಲ್ಲ. ಫೋಟೋ ಮೂರೇ ಅವ, ಮೂರೂ ಅಲುಗಾಡ್ಯಾವ. ಸ್ಟೇಟಸ್ಸಿಗೆ ಹಾಕಲಿಲ್ಲ. ಹಾಕದಿದ್ರೂ ನನ್ನ ಮಗಳು ಏಳು ವರ್ಷದಾಕಿ ಆದ್ಲು, ಏನೂ ತಡಾ ಆಗ್ಲಿಲ್ಲ.

ಎಲ್ಲಾ ಸುಸೂತ್ರ ಆತು ಅಂತ ಹೇಳಂಗಿಲ್ಲ. ಪಾನಕ ಜಮಖಾನಿ ಮ್ಯಾಲ ಚೆಲ್ತು. ಇಬ್ಬರು ಹುಡುಗುರು ಲಗೋರಿ ಚಂಡಿನ ಸಲುವಾಗಿ ಬಡದಾಡಿದ್ರು, ಒಬ್ಬ ಅತ್ತ, ಐದು ನಿಮಿಷಕ್ಕ ಮತ್ತ ಇಬ್ಬರೂ ಒಂದೇ ಗಂಗಾಳದಾಗ ಚುರುಮುರಿ ತಿನ್ಲಿಕ್ಕತ್ರು. ಇದು ತ್ರಾಸ ಅಲ್ಲ. ಇದು ಮಕ್ಕಳು.

ಹೊಲಿಗಿ ಮನಿ ಹುಡುಗಿ ಎಲ್ಲಾರಕಿಂತ ಮೊದಲ ಬಂದಿದ್ಲು, ಮೂರೂವರಿಗೆ, ಎರಡೂ ಕೈ ಬೀಸಿಕೊಂಡು. ಮೂರು ಸಲ ಚುರುಮುರಿ ಹಾಕ್ಕೊಂಡ್ಲು. ಆರಕ್ಕ ಆಕಿ ತಾಯಿ ಕರಕೊಂಡು ಹೋಗ್ಲಿಕ್ಕೆ ಬಂದು ಬಾಗಲದಾಗೇ ನಿಂತ್ಲು. "ಒಳಗ ಬರ್ರಿ, ಚಹಾ ಮಾಡ್ತೇನಿ" ಅಂದೆ. ಬಂದು ಕೂತ್ಲು. ನಾಕು ವರ್ಷ ಆತು ನಾವು ಈ ಓಣಿಗೆ ಬಂದು. ಆಕಿ ನನ್ನ ಅಳತಿ ಎಷ್ಟೋ ಸಲ ತಗೊಂಡಾಳ, ನಮ್ಮ ಮನ್ಯಾಗ ಕೂತು ಚಹಾ ಕುಡದಿದ್ದು ಅವತ್ತೇ ಮೊದಲು. ಎರಡು ತಿಂಗಳಾದ ಮ್ಯಾಲ ಆಕಿ ಮಗಳ ಹುಟ್ಟುಹಬ್ಬಕ್ಕ ನಮ್ಮಾಕಿಗೂ ಕರಿ ಬಂತು. ಒಂದೇ ಖೋಲಿ ಮನಿ, ಹೊಲಿಗಿ ಮಷೀನ್ ಹೊರಗ ಇಟ್ಟು ಜಾಗಾ ಮಾಡಿದ್ರು. ಶಿರಾ, ಹಚ್ಚಿದ ಅವಲಕ್ಕಿ. ನಮ್ಮಾಕಿ ಕೈ ಬೀಸಿಕೊಂಡು ಹೋದ್ಲು, ನಕ್ಕೋತ ಬಂದ್ಲು.

ತಂಗೀ, ಈಗ ಗೊತ್ತಾತೇನು ನಂಬರ ಯಾಕ ಕೊಡ್ಲಿಲ್ಲ ಅಂತ? ನಿನ್ನ ಮಗನ ಓಣ್ಯಾಗೂ ಒಬ್ಬರಿಗೆ ಜ್ವರ ಬರೂದದ. ಅದನ್ನ ನೀ ತಪ್ಪಸ್ಲಿಕ್ಕೆ ಬರ್ತದ. ಮುಂದಿನ ತಿಂಗಳ ನಾ ಮುಂಜಾನೆನ ಬರ್ತೇನಿ, ಉಳ್ಳಾಗಡ್ಡಿ ನಾ ಹೆಚ್ಚಿ ಕೊಡ್ತೇನಿ. ಅತ್ತಿಯವರೂ ಬರ್ತಾರಂತ, ಗಂಟಿ ತಗೊಂಡು. ನಿಮ್ಮ ಮನಿಯವರಿಗೆ ಫುಗ್ಗಾ ಊದ್ಲಿಕ್ಕೆ ಈಗಿಂದನ ಹೇಳಿಡು. ಚೀಟಿ ಬರದು ಅಂಟಸು, ಮರೀಬ್ಯಾಡ.